ಕಾಗೆ ಮುಟ್ಟಿದ ದಿನಗಳ ಪಾಠ

ಯಲಹಂಕದ ಹಳೇ ಪೇಟೆಯಲ್ಲಿದ್ದ ನಮ್ಮ ಮನೆ ಅಗಲದಲ್ಲಿ ಜಿಪುಣ, ಉದ್ದದಲ್ಲಿ ಧಾರಾಳಿ. ಜಗುಲಿ, ಹಜಾರ, ನಡುಮನೆ, ದೇವರಮನೆ, ಅಡುಗೆಮನೆ, ಬಚ್ಚಲು ಎಲ್ಲವೂ ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಬೀದಿಗೆ ಇದ್ದದ್ದು ಒಂದೇ ಬಾಗಿಲು. ಕೊನೆಯಲ್ಲಿ ಹಿತ್ತಿಲು, ಹಿತ್ತಿಲ ಸುತ್ತ ಆಳೆತ್ತರ ಮೀರಿದ ಮಣ್ಣಿನ ಗೋಡೆ. ಹಿತ್ತಿಲಿಂದ ಬೀದಿಗೆ ಹೋಗಬೇಕೆಂದರೆ ಅಡುಗೆಮನೆ ದಾಟಿ, ದೇವರಮನೆಯ ಮುಂದೆ ಹಾದು, ಹಜಾರ ಕಳೆದೇ ಹೋಗಬೇಕು. ಬೇರೆ ದಾರಿ ಇರಲಿಲ್ಲ. ನನ್ನ ಹೈಸ್ಕೂಲಿನ ಕೊನೆಯ ವರ್ಷದ ಗೋಳೆಲ್ಲ ಈ ಒಂದೇ ಬಾಗಿಲಿನದು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆ ಮನೆ ಒಂದು ಕಾಲಕ್ಕೆ ಇನ್ನೂ ದೊಡ್ಡದಿತ್ತಂತೆ. ಯಾರೋ ಅಣ್ಣತಮ್ಮಂದಿರು ಜಗಳವಾಡಿ, ನಡುವೆ ಗೋಡೆ ಎತ್ತಿ, ಎರಡು ಪಾಲನ್ನೂ ಬೇರೆ ಬೇರೆಯವರಿಗೆ ಮಾರಿ ಊರು ಬಿಟ್ಟರು. ಒಂದು ಪಾಲಿಗೆ ನನ್ನ ತಾತ ಬಂದರು. ಇನ್ನೊಂದಕ್ಕೆ ದ್ರಾಕ್ಷಿ ತೋಟದ ಒಕ್ಕಲಿಗರ ಸಂಸಾರ ಬಂತು. ಎಲ್ಲವನ್ನೂ ಪಾಲು ಮಾಡಿದ ಆ ಮಹಾನುಭಾವರಿಗೆ ಹಿತ್ತಿಲ ಬಾವಿಯನ್ನು ಪಾಲು ಮಾಡುವುದು ಹೇಗೆಂದು ಹೊಳೆಯದೆ, ಬಾವಿಯ ಬಾಯಿಗೆ ಅಡ್ಡಲಾಗಿ ಕಲ್ಲು ತೊಲೆ ಹಾಸಿ, ಅದರ ಮೇಲೇ ಗೋಡೆ ಕಟ್ಟಿದ್ದರು. ಅರ್ಧ ಬಾಯಿ ಈಚೆಗೆ, ಅರ್ಧ ಬಾಯಿ ಆಚೆಗೆ. ನಮಗೊಂದು ರಾಟೆ, ಅವರಿಗೊಂದು ರಾಟೆ. ನೀರು ಮಾತ್ರ ಒಂದೇ. ಮಡಿಯ ವಿಷಯದಲ್ಲಿ ಹೈಕೋರ್ಟಿನ ಜಡ್ಜಿಯ ಹಾಗಿದ್ದ ನನ್ನ ಅಜ್ಜಿ ಇದಕ್ಕೂ ಒಂದು ತೀರ್ಪು ಕೊಟ್ಟಿದ್ದರು.

"ನೀರಿಗೆ ಮೈಲಿಗೆ ಇಲ್ಲ ಕಣೇ. ಹಗ್ಗಕ್ಕುಂಟು. ನಿನ್ನ ಹಗ್ಗ ಅವರ ಹಗ್ಗಕ್ಕೆ ತಗಲಕೂಡದು."

ತಗಲದೇ ಇರುತ್ತದೆಯೇ? ಗೋಡೆಯಾಚೆ ನೀರು ಸೇದುತ್ತಿದ್ದವನು ಮುನಿರಾಜು. ನನ್ನದೇ ವಯಸ್ಸು, ನನ್ನದೇ ತರಗತಿ, ನನ್ನ ಜನ್ಮಶತ್ರು. ನನ್ನ ಬಿಂದಿಗೆ ಇಳಿಯುವುದನ್ನೇ ಕಾಯುತ್ತಿದ್ದು ತನ್ನ ತಾಮ್ರದ ಕೊಡವನ್ನು ಧಡಾರನೆ ಬಿಡುತ್ತಿದ್ದ. ಬಾವಿಯೊಳಗೆ ಎರಡೂ ಢಿಕ್ಕಿ ಹೊಡೆದು ನನ್ನದು ಓರೆಯಾಗಿ ಅರ್ಧ ನೀರಷ್ಟೇ ಮೇಲೆ ಬರುತ್ತಿತ್ತು. ನಾನೇನು ಸುಮ್ಮನಿರುವವಳೇ? ಒಂದು ದಿನ ಅವನ ಹಗ್ಗಕ್ಕೆ ನನ್ನ ಹಗ್ಗ ಸುತ್ತಿ ಎಳೆದು, ಕೊಡದ ಕುಣಿಕೆಯೇ ಬಿಚ್ಚಿಹೋಗುವ ಹಾಗೆ ಮಾಡಿದೆ. ಕೊಡ ಮುಳುಗಿತು. ಅವರ ಮನೆಯವರು ಪಾತಾಳಗರಡಿ ತಂದು ಇಡೀ ಮಧ್ಯಾಹ್ನ ಹುಡುಕಿದರು. ಹಗ್ಗ ತಗಲಿದ್ದು ಅಜ್ಜಿಗೆ ಗೊತ್ತಾಗಿ ನನಗೆ ಎರಡು ಸಲ ಸ್ನಾನವಾಯಿತು.

ಶಾಲೆಯಲ್ಲೂ ಇದೇ ಯುದ್ಧ. ಮೊದಲ ಸ್ಥಾನ ಒಂದು ಪರೀಕ್ಷೆಗೆ ಅವನದು, ಮುಂದಿನದಕ್ಕೆ ನನ್ನದು. ಆಗ ಬೆಳಗಾಗೆದ್ದು ಗಟ್ಟಿಯಾಗಿ ಓದಬೇಕಿತ್ತು. ಮನಸ್ಸಿನಲ್ಲಿ ಓದಿದರೆ ಅದು ಓದೇ ಅಲ್ಲ, ನಿದ್ದೆ ಎಂದು ಎರಡೂ ಮನೆಯ ಹಿರಿಯರ ನಂಬಿಕೆ. ನಾನು ಈಚೆ ಬಚ್ಚಲ ಕಟ್ಟೆಯ ಮೇಲೆ ಕೂತು ಕಿರುಚುತ್ತಿದ್ದೆ, ಅವನು ಆಚೆ ದನದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅರಚುತ್ತಿದ್ದ. ನಾನು ಭೂಗೋಳ ಹಿಡಿದರೆ ಅವನು ಬೇಕೆಂದೇ ಇತಿಹಾಸ ಹಿಡಿದು ನನ್ನ ನದಿಗಳನ್ನೆಲ್ಲ ತನ್ನ ರಾಜರ ಕೆಳಗೆ ಮುಚ್ಚಿಬಿಡುತ್ತಿದ್ದ. ನನ್ನ ಬಾಯಿ ಆಗಲೂ ಸಣ್ಣದಲ್ಲ. ಬೀದಿಯವರು ಇಬ್ಬರಿಗೂ ಶಾಪ ಹಾಕುತ್ತಿದ್ದರು.

ಕೊನೆಯ ವರ್ಷಕ್ಕೆ ಬಂದಾಗ ಈ ಆಟ ಆಟವಾಗಿ ಉಳಿಯಲಿಲ್ಲ. ನನ್ನ ಅಮ್ಮನ ತಮ್ಮ, ದೊಡ್ಡಬಳ್ಳಾಪುರದ ಸೋದರಮಾವನಿಗೆ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಮಾವ ಕೆಟ್ಟವರಲ್ಲ. ಹಬ್ಬಕ್ಕೆ ಬಂದರೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ್ದವರು. ಅದೇ ತೊಂದರೆ. ಹೆಗಲ ಮೇಲೆ ಕೂರಿಸಿಕೊಂಡವರನ್ನು ಗಂಡ ಎಂದು ಹೇಗೆ ನೋಡಲಿ? ನಾನು ಅತ್ತು ಕರೆದೆ, ಊಟ ಬಿಟ್ಟೆ, ಕಾಲೇಜಿಗೆ ಹೋಗಬೇಕೆಂದೆ. ಯಲಹಂಕ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರಾಗಿದ್ದ ನನ್ನ ಅಪ್ಪ ತಾಯಿಗೆ ಎದುರು ಮಾತಾಡಿದವರೇ ಅಲ್ಲ. ಆದರೂ ಆ ರಾತ್ರಿ ಊಟದೆಲೆಯ ಮುಂದೆ ಕೂತು, ತಲೆ ಎತ್ತದೆ, ಒಂದು ಮಾತು ಹೇಳಿದರು.

"ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಲ್ಲಿ ಪಾಸಾದ್ರೆ ಕಾಲೇಜಿಗೆ ಹೋಗ್ಲಿ."

"ಆಗದೇ ಇದ್ರೆ?" ಎಂದರು ಅಜ್ಜಿ.

"ಆಗದೇ ಇದ್ರೆ ನಿನ್ನಿಷ್ಟ ಅಮ್ಮ."

"ಹಾಗಾದ್ರೆ ವೈಶಾಖಕ್ಕೆ ಮುಹೂರ್ತ ನೋಡಿಸಿಡ್ತೀನಿ" ಎಂದು ಅಜ್ಜಿ ಅನ್ನಕ್ಕೆ ಸಾರು ಕಲಸಿಕೊಂಡರು. ನಾನು ಪಾಸಾಗುವುದಿಲ್ಲ ಎಂದು ಅವರಿಗೆ ಅಷ್ಟು ಗಟ್ಟಿ ಏಕೆ ಅನ್ನಿಸಿತ್ತೆಂದರೆ, ತಿಂಗಳಿಗೆ ಮೂರು ದಿನ ನಾನು ಶಾಲೆಗೇ ಹೋಗುವಂತಿರಲಿಲ್ಲ.

ಹೊರಗೆ ಕೂರುವುದು. ಈಗಿನ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕು. ಮುಟ್ಟಾದ ಹೆಂಗಸು ಮೂರು ದಿನ ಮನೆಯೊಳಗೆ ಬರುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಹಿತ್ತಿಲ ಗೋಡೆಗೆ ಒರಗಿದ ಒಂದು ಹೆಂಚಿನ ಮಾಡು. ಒಂದು ಚಾಪೆ, ಒಂದು ಚೊಂಬು, ಒಂದು ಹಳೇ ಕಂಬಳಿ. ಅಮ್ಮ ಎಲೆಯಲ್ಲಿ ಅನ್ನ ತಂದು ದೂರದಲ್ಲಿಟ್ಟು, ಹಿಂದೆ ಸರಿದು, "ತಗೋ" ಎನ್ನುತ್ತಿದ್ದಳು. ನಾಯಿಗೆ ಹಾಕಿದ ಹಾಗೆ ಎಂದು ನಾನು ಒಂದು ಸಲ ಸಿಟ್ಟಿನಲ್ಲಿ ಅಂದಾಗ ಅಮ್ಮ ಮುಖ ತಿರುಗಿಸಿಕೊಂಡಳು. ಎಲ್ಲಕ್ಕಿಂತ ನನ್ನ ಹೊಟ್ಟೆ ಉರಿಸುತ್ತಿದ್ದದ್ದು ಪುಸ್ತಕ. ಪುಸ್ತಕ ಸರಸ್ವತಿ, ಮುಟ್ಟಕೂಡದು. ಶಾಲೆಯೂ ಇಲ್ಲ, ಓದೂ ಇಲ್ಲ. ಅಜ್ಜಿಯನ್ನು ರಾಕ್ಷಸಿ ಎಂದುಕೊಳ್ಳಬೇಡಿ. ಅವರ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಮೈಲಿಗೆಯಲ್ಲಿ ಗೊತ್ತಿಲ್ಲದೆ ಒಲೆ ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಯಾರೋ ಅವರಿಗೆ ಹೇಳಿದ್ದರು, ಅವರು ನಂಬಿದ್ದರು. ಆ ಹೆದರಿಕೆ ಅವರ ಮೂಳೆಯಲ್ಲಿತ್ತು.

ಅವನ ಮನೆಯಲ್ಲೂ ಹೆಂಗಸರು ದೂರ ಕೂರುತ್ತಿದ್ದರು, ಇಷ್ಟು ಕಟ್ಟುನಿಟ್ಟಿಲ್ಲ ಅಷ್ಟೆ. ಗಂಡು ಹುಡುಗರು ಕೇಳಿದರೆ "ಕಾಗೆ ಮುಟ್ಟಿದೆ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದರು. ಅದು ಎಲ್ಲರ ಮನೆಯ ಮಾತು. ಹುಡುಗರೂ ದೊಡ್ಡವರಾಗುತ್ತಾ ಹೇಗೋ ನಿಜ ತಿಳಿದುಕೊಳ್ಳುತ್ತಿದ್ದರು. ಆದರೆ ಲೆಕ್ಕದಲ್ಲಿ ಊರಿಗೇ ಬುದ್ಧಿವಂತನಾದ ಮುನಿರಾಜು, ಮೂಗಿನ ಕೆಳಗೆ ಮೀಸೆ ಚಿಗುರುವ ವಯಸ್ಸಿನಲ್ಲೂ, ಕಾಗೆಯನ್ನೇ ನಂಬಿದ್ದ! ತನ್ನ ತಾಯಿಯನ್ನು ಕಾಗೆ ಮುಟ್ಟುತ್ತದೆ, ನನಗೆ, ರಜಾ ಚೀಟಿಯಲ್ಲಿ ಬರೆದ ಹಾಗೆ, ತಿಂಗಳಿಗೊಮ್ಮೆ ಜ್ವರ ಬರುತ್ತದೆ. ಎರಡಕ್ಕೂ ಸಂಬಂಧ ಇದೆಯೆಂದು ಅವನಿಗೆ ತೋಚಿರಲೇ ಇಲ್ಲ.

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಕೊಟ್ಟ ದಿನ ಅವನು ಮೊದಲು ಬಂದಿದ್ದ. ನಾನು ತಪ್ಪು ಮಾಡಿದ್ದ ಪ್ರಮೇಯ ನಾನು ಹೊರಗೆ ಕೂತಿದ್ದಾಗ ಪಾಠವಾದದ್ದು. "ಯಾಕಮ್ಮ ಇಷ್ಟು ಸುಲಭದ್ದು ಬಿಟ್ಟೆ?" ಎಂದು ಲೆಕ್ಕದ ಮೇಷ್ಟರು ಕೇಳಿದರು. ನಾನು ತಲೆ ತಗ್ಗಿಸಿದೆ. ಹಿಂದಿನ ಬೆಂಚಿನಿಂದ ಅವನು ಎದ್ದು ನಿಂತ.

"ಸಾರ್, ಇವಳಿಗೆ ತಿಂಗಳಿಗೊಂದ್ಸಲ ಮೂರು ದಿನ ಜ್ವರ ಬರ್ತದೆ ಸಾರ್. ತಪ್ಪೋದೇ ಇಲ್ಲ. ಕ್ಯಾಲೆಂಡರ್ ನೋಡ್ಕೊಂಡು ಬರೋ ಇಂಥ ಜ್ವರ ಯಾವ್ದು ಸಾರ್?"

ಕೆಲವರು ನಕ್ಕರು. ಗೊತ್ತಿದ್ದವರು ನೆಲ ನೋಡಿದರು. ಹುಡುಗಿಯರ ಬೆಂಚಿನಲ್ಲಿ ನನ್ನ ಪಕ್ಕದವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಷ್ಟರು ಕೆಂಪಗಾಗಿ, ರೂಲುದೊಣ್ಣೆ ತೆಗೆದುಕೊಂಡು ಅವನ ಅಂಗೈ ಬಾತುಹೋಗುವ ಹಾಗೆ ಬಾರಿಸಿದರು. ಯಾಕೆ ಹೊಡೆಯುತ್ತಿದ್ದಾರೆಂದು ಅವರೂ ಹೇಳಲಿಲ್ಲ, ಅವನಿಗೂ ಗೊತ್ತಾಗಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿದ್ದು ನೋಡಿ ನನಗೆ ಸಂತೋಷವೇ ಆಯಿತು. ಇನ್ನೂ ನಾಲ್ಕು ಬಿದ್ದರೂ ಆಗುತ್ತಿತ್ತು.

ಅವನು ಮನೆಗೆ ಹೋಗಿ ತಾಯಿ ನಂಜಮ್ಮನ ಹತ್ತಿರ ಮೇಷ್ಟರ ಮೇಲೆ ದೂರು ಹೇಳಿದನಂತೆ. ಐನೋರ ಮಗಳೆಂದು ಪಕ್ಷಪಾತ ಮಾಡಿದರು ಎಂದನಂತೆ. ನಂಜಮ್ಮ ನಿಜಾಂಶ ಕೇಳಿ ಕೆನ್ನೆಗೂ ಒಂದು ಬಿಟ್ಟು, ಆಮೇಲೆ ಕೂರಿಸಿಕೊಂಡು, ಕಾಗೆ ಎಂದರೆ ಏನೆಂದು ಬಿಡಿಸಿ ಹೇಳಿದರಂತೆ. ಇದೆಲ್ಲ ನನಗೆ ಎಷ್ಟೋ ದಿನದ ಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ: ಮಾರನೆಯ ದಿನದಿಂದ ಅವನ ಕೊಡ ನನ್ನ ಬಿಂದಿಗೆಗೆ ತಾಗಲಿಲ್ಲ. ಶಾಲೆಯಲ್ಲಿ ನನ್ನನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದ. ಸೊಕ್ಕು ಮುರಿಯಿತು ಎಂದುಕೊಂಡೆ.

ಮುಂದಿನ ತಿಂಗಳು ನಾನು ಮಾಡಿನಲ್ಲಿ ಕೂತಿದ್ದೆ. ಸಂಜೆ, ಶಾಲೆ ಬಿಟ್ಟ ಹೊತ್ತು. ಗೋಡೆಯಾಚೆ ಅವನ ದನಿ ಶುರುವಾಯಿತು. ಬೆಳಗ್ಗೆ ಓದುವವನು ಸಂಜೆ ಏಕೆ ಓದುತ್ತಿದ್ದಾನೆ? ನನ್ನ ಗಾಯಕ್ಕೆ ಉಪ್ಪು ಹಾಕಲು ಬಂದ ಎಂದು ಎರಡು ಕಿವಿಗೂ ಬೆರಳಿಟ್ಟುಕೊಂಡೆ. ಆದರೆ ದನಿ ಹಟ ಮಾಡಿದಂತೆ ಇರಲಿಲ್ಲ. ನಿಧಾನವಾಗಿ, ಒಂದೊಂದು ಸಾಲನ್ನೂ ಎರಡೆರಡು ಸಲ ಹೇಳುತ್ತಿದ್ದ. ಮಧ್ಯೆ ಮಧ್ಯೆ "ಇಲ್ಲಿ ಮೇಷ್ಟರು ಒಂದು ಗೆರೆ ಎಳೆದರು, ಮೇಲಿಂದ ಕೆಳಕ್ಕೆ" ಎನ್ನುತ್ತಿದ್ದ. ಪುಸ್ತಕದಲ್ಲಿ ಅಂಥ ಮಾತು ಎಲ್ಲಿರುತ್ತದೆ? ಬೆರಳು ತೆಗೆದೆ. ಅವನು ಓದುತ್ತಿದ್ದದ್ದು ಅವತ್ತು ತರಗತಿಯಲ್ಲಿ ಆದ ಪಾಠ. ಕನ್ನಡ ಪಂಡಿತರ ಕೆಮ್ಮನ್ನೂ ಬಿಡದೆ ಒಪ್ಪಿಸುತ್ತಿದ್ದ. ನಾನು ಉಸಿರು ಬಿಗಿಹಿಡಿದು ಕೇಳಿದೆ. ಮಾರನೆಯ ದಿನವೂ ಬಂದ. ಮೂರನೆಯ ದಿನ ಅವನು ತ್ರಿಭುಜದಲ್ಲಿ ಎಡವಿದ. ಸಮದ್ವಿಬಾಹು ತ್ರಿಭುಜದ ಮೂರೂ ಕೋನ ಸಮ ಎಂದುಬಿಟ್ಟ. ನನಗೆ ತಡೆಯಲಾಗಲಿಲ್ಲ.

"ಪಾದದ ಕೋನಗಳು ಕಣೋ ಪೆದ್ದ! ಎರಡೇ! ಮೂರೂ ಅಲ್ಲ!"

ಆಚೆಯಿಂದ ಮೆಲ್ಲಗೆ ಕೇಳಿತು.

"ಕೇಳಿಸ್ಕೊಂತಾ ಇದೀಯಾ ಅಂತ ನೋಡಿದೆ."

"ಸುಳ್ಳು. ನಿಂಗೆ ಗೊತ್ತಿರ್ಲಿಲ್ಲ."

"ಗೊತ್ತಿತ್ತು."

"ಇಲ್ಲ."

"ವಿಶಾಲು" ಎಂದ. ಅಲ್ಲಿಯವರೆಗೆ ಅವನು ನನ್ನ ಹೆಸರು ಹಿಡಿದು ಕರೆದಿರಲಿಲ್ಲ. "ಅವತ್ತು ಕ್ಲಾಸಲ್ಲಿ... ನಂಗೆ ಗೊತ್ತಿರ್ಲಿಲ್ಲ. ತಾಯಾಣೆ."

ನಾನು ಗೋಡೆಗೆ ಬೆನ್ನು ಕೊಟ್ಟು ಕೂತೆ. ಆ ಮಾಡಿನಲ್ಲಿ ಕೂತಿದ್ದ ಯಾವ ಸಂಜೆಯೂ ನನಗೆ ಅಷ್ಟು ಹಗುರವಾಗಿ ಕಂಡಿರಲಿಲ್ಲ. ಆಮೇಲೆ ತಿಂಗಳು ತಿಂಗಳೂ ಇದೇ ಆಯಿತು. ಅವನು ಪಾಠ ಹೇಳುವುದು, ನಾನು ತಪ್ಪು ಹುಡುಕುವುದು, ಅವನು ಒಪ್ಪದೇ ಇರುವುದು. ಅಜ್ಜಿಗೆ ಪಕ್ಕದ ಮನೆ ಹುಡುಗ ಎರಡೂ ಹೊತ್ತು ಓದುತ್ತಾನೆಂದು ಮೆಚ್ಚಿಗೆ. ಅವರು ಒಳಗೆ ಹೋದಾಗ ಮಾತ್ರ ನಾನು ಬಾಯಿ ಬಿಡುತ್ತಿದ್ದೆ. ಶಾಲೆಯಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮುಖ ಕಾಣದ ಆ ಗೋಡೆಯ ಹತ್ತಿರವೇ ನಮ್ಮ ಸಲಿಗೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಯಾವ ದಿನಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತೋ ಅವೇ ದಿನಗಳಿಗೆ ನಾನು ಕಾಯತೊಡಗಿದೆ. ಅದಕ್ಕೆ ಪ್ರೀತಿ ಎಂಬ ಹೆಸರಿಡುವ ಧೈರ್ಯ ನನಗಿರಲಿಲ್ಲ. ಅವನ ದನಿ ಒಂದು ಸಂಜೆ ತಡವಾದರೆ ಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದೆ, ಅಷ್ಟು ಗೊತ್ತಿತ್ತು.

ಪರೀಕ್ಷೆ ಬಂತು. ನಮಗೆ ಪರೀಕ್ಷೆಯ ಕೇಂದ್ರ ಯಶವಂತಪುರದ ಕಡೆ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರಬೇಕು. ಅಪ್ಪನನ್ನು ಆ ವಾರವೇ ಮಾಕಳಿದುರ್ಗದ ಸ್ಟೇಷನ್ನಿಗೆ ಬದಲಿ ಕೆಲಸಕ್ಕೆ ಕಳಿಸಿದ್ದರು. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ನಾನು ಹೊರಗಾದೆ. ಇನ್ನೂ ಐದಾರು ದಿನ ಇದೆ ಎಂದು ನಂಬಿಕೊಂಡಿದ್ದೆ. ಹೆದರಿಕೆಗೋ ಏನೋ, ಮೊದಲೇ ಆಯಿತು. ಮುಚ್ಚಿಡೋಣವೆಂದರೆ ಅಜ್ಜಿಯ ಕಣ್ಣು ತಪ್ಪಿಸುವುದುಂಟೇ? ನಾನು ಗೋಡೆ ಹಿಡಿದು ನಡೆದದ್ದು ನೋಡಿಯೇ ಅವರಿಗೆ ಗೊತ್ತಾಗಿಹೋಯಿತು.

"ಅಜ್ಜಿ, ನಾಳೆ ಒಂದಿನ ದೇವರಮನೆ ಬಾಗ್ಲು ಹಾಕ್ಕೊಳಿ. ನಾನು ಏನೂ ಮುಟ್ಟದೆ ಹೋಗ್ತೀನಿ. ನಿಮ್ಮ ದಮ್ಮಯ್ಯ."

"ದೇವರ ಎದುರಿಗೆ ಹಾದು ಹೋಗ್ತೀಯಾ? ಈ ಸ್ಥಿತೀಲಿ? ರಾಮ ರಾಮ! ನಿಂಗೇನಾದ್ರೂ ಆದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ? ಪರೀಕ್ಷೆ ಹೋದ್ರೆ ಹೋಗ್ಲಿ, ವಂಶ ಉಳೀಬೇಕು ಕಣೇ."

ನಾನು ಅಮ್ಮನ ಮುಖ ನೋಡಿದೆ. ಅವಳು ಒಲೆಯ ಕಡೆ ತಿರುಗಿದಳು. ಒಂದು ಪತ್ರಿಕೆ ತಪ್ಪಿದರೂ ನಾನು ಫೇಲು. ವೈಶಾಖಕ್ಕೆ ಮುಹೂರ್ತ. ಸಂಜೆ ಗೋಡೆಯಾಚೆ ಅವನು ಗಂಟಲು ಸರಿಮಾಡಿಕೊಂಡಾಗ ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದೆ. ಆಚೆ ಅವನು ಅತ್ತಿಂದಿತ್ತ ಓಡಾಡುವ ಸದ್ದು ಕೇಳಿಸಿತು. ನನ್ನ ಹಾಳು ಬುದ್ಧಿಗೆ, ಇವನಿಗೆ ಒಳಗೊಳಗೇ ಖುಷಿಯಾಗಿರಬೇಕು ಎಂದೂ ಅನ್ನಿಸಿತು. ನಾನು ಹೋಗದಿದ್ದರೆ ಮೊದಲ ಸ್ಥಾನಕ್ಕೆ ಅವನಿಗೆ ಎದುರು ಯಾರೂ ಇಲ್ಲ.

"ಬೆಳಗ್ಗೆ ನಿಮ್ಮಜ್ಜಿ ಪೂಜೆಗೆ ಕೂತ್ಮೇಲೆ ಬಟ್ಟೆ ಒಗೆಯೋ ಕಲ್ಲಿನ ಹತ್ರ ಬಾ" ಎಂದ.

ಬೆಳಗ್ಗೆ ಹೋದೆ. ದ್ರಾಕ್ಷಿ ಚಪ್ಪರಕ್ಕೆ ಹತ್ತುವ ಏಣಿಯನ್ನು ಆಚೆ ಹಾಕಿಕೊಂಡು ಅವನು ಗೋಡೆಯ ಮೇಲೆ ಕುದುರೆ ಏರಿದಂತೆ ಕೂತಿದ್ದ. ಎಷ್ಟೋ ತಿಂಗಳ ಮೇಲೆ ಅಷ್ಟು ಹತ್ತಿರದಿಂದ ಅವನ ಮುಖ ನೋಡಿದೆ. ಎಣ್ಣೆ ಹಚ್ಚಿ ತಲೆ ಬಾಚಿದ್ದ. ನಾನು ಒಗೆಯುವ ಕಲ್ಲಿನ ಮೇಲೆ ನಿಂತೆ. ಅವನು ಬಗ್ಗಿ ಕೈ ಚಾಚಿದ.

"ಬೇಡ, ಮುಟ್ಟಬೇಡ. ನಾನು ಹೊರಗಾಗಿದೀನಿ."

"ಗೊತ್ತು ಕಣೇ. ಕೈ ಕೊಡು. ರೈಲಿಗೆ ಹೊತ್ತಾಯ್ತು."

ಮೈನೆರೆದ ಮೇಲೆ ಆ ದಿನಗಳಲ್ಲಿ ನನ್ನನ್ನು ಮುಟ್ಟಿದ ಮೊದಲ ಮನುಷ್ಯ ಅವನು. ಅಮ್ಮ ಕೂಡ ಮುಟ್ಟಿರಲಿಲ್ಲ. ಅವನ ಅಂಗೈ ಒರಟಾಗಿತ್ತು, ಬೆವೆತಿತ್ತು. ಮೇಲಕ್ಕೆ ಎಳೆದುಕೊಂಡಾಗ ನನ್ನ ಮೊಣಕೈ ತರಚಿತು, ಅದು ಗೊತ್ತಾದದ್ದು ರೈಲಿನಲ್ಲಿ. ಏಣಿಯ ಬುಡದಲ್ಲಿ ನಂಜಮ್ಮ ನಿಂತಿದ್ದರು. ನಾನು ಏಣಿಯ ಮೇಲೇ ನಿಂತೆ. ಅವರ ಮನೆಯೊಳಗಿಂದ ಹಾದು ಹೋಗಬೇಕಲ್ಲ, ಅವರಿಗೂ ದೇವರಿಲ್ಲವೇ?

"ಓಗವ್ವ, ಓಗು. ನಮ್ಮನೆ ಮುನೇಶ್ವರನ್ನೂ ಎಂಗಸೇ ಒಟ್ಟೇಲಿಟ್ಕೊಂಡು ಎತ್ತಿರೋದು" ಎಂದು ನನ್ನ ಬೆನ್ನು ಸವರಿ, ಬಾಗಿಲು ತೋರಿಸಿದರು.

ಕನ್ನಡ ಪತ್ರಿಕೆ ಚೆನ್ನಾಗಿ ಬರೆದೆ. ವಾಪಸು ಬರುವಾಗ ರೈಲಿನ ಬಾಗಿಲ ಹತ್ತಿರ ಇಬ್ಬರೂ ನಿಂತಿದ್ದೆವು. ಹೆಬ್ಬಾಳದ ಕಡೆಯ ಬಯಲು ಹಿಂದಕ್ಕೆ ಹೋಗುತ್ತಿತ್ತು. ನನಗೆ ಒಂದು ಮಾತು ಕೇಳಲೇಬೇಕಿತ್ತು.

"ನಾನು ಬರ್ದೇ ಇದ್ದಿದ್ರೆ ನೀನೇ ಫಸ್ಟು. ಗೊತ್ತಿತ್ತಾ?"

"ರಾತ್ರಿಯೆಲ್ಲ ಅದನ್ನೇ ಯೋಚ್ನೆ ಮಾಡ್ತಿದ್ದೆ."

"ಮತ್ತೆ?"

"ನೀನಿಲ್ದೆ ಫಸ್ಟ್ ಬಂದು ಯಾರ ಮುಂದೆ ಮೀಸೆ ತಿರುಗಿಸ್ಲಿ?" ಎಂದ. ತಿರುಗಿಸುವುದಕ್ಕೆ ಸರಿಯಾಗಿ ಮೀಸೆಯೂ ಇರಲಿಲ್ಲ. ನಾನು ನಕ್ಕೆ. ಅವನು ನಗಲಿಲ್ಲ. ಕಿವಿಯವರೆಗೆ ಕೆಂಪಾಗಿ ಬಯಲು ನೋಡುತ್ತಾ, "ನಿನ್ನ ದನಿ ಕೇಳ್ದೇ ಇದ್ರೆ ನಂಗೆ ಓದೋಕೇ ಆಗಲ್ಲ ಈಗ" ಎಂದ. ನನಗೂ ಹಾಗೇ ಎಂದು ಹೇಳಿದೆ. ಆ ಮಾತು ಆಡಿ ನಾಲಗೆ ಕಚ್ಚಿಕೊಂಡೆ, ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಆಗಲೇ ರಾದ್ಧಾಂತವಾಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಮಾಡು ಖಾಲಿ ಇರುವುದು ಅಜ್ಜಿಗೆ ತಿಳಿದಿತ್ತು. ಅವರು ಬಾವಿಯ ಹತ್ತಿರ ನಿಂತು ಗೋಡೆಯಾಚೆಗೆ ಕೂಗಿದ್ದರಂತೆ, ನಂಜಮ್ಮ ಈಚೆಗೆ ಕೂಗಿದ್ದರಂತೆ.

"ಯಾಕಿಂಗೆ ಬಾಯಿ ಮಾಡ್ತೀರಿ ಐನೋರಮ್ಮ? ಎಣ್ ಮಗ ಪರೀಕ್ಸೆ ಬರಿಯಾಕೋಗೈತೆ. ಓಡೋಗಿಲ್ಲ."

ನಾನು ಏಣಿ ಹತ್ತಿ ಗೋಡೆಯಿಂದ ಈಚೆ ಇಳಿದಾಗ ಅಜ್ಜಿ ತುಳಸಿ ಕಟ್ಟೆಯ ಹತ್ತಿರ ಒದ್ದೆ ಸೀರೆಯಲ್ಲಿ ನಿಂತಿದ್ದರು. ಹೊಡೆಯಬೇಕೆಂದರೂ ಮುಟ್ಟುವ ಹಾಗಿಲ್ಲ. "ಅವನು ನಿನ್ನ ಕೈ ಹಿಡಿದ್ನೇನೇ?" ಎಂದು ಕೇಳಿದರು. ಹೌದು ಎಂದೆ. ಆಳನ್ನು ಕರೆಸಿ, ಜಾಲಿ ಮುಳ್ಳಿನ ಕೊಂಬೆ ತರಿಸಿ, ಗೋಡೆಯ ಉದ್ದಕ್ಕೂ ಹೇರಿಸಿದರು. ಮಾವನಿಗೆ ಹೇಳಿಕಳಿಸುವುದೆಂದೂ ಆಯಿತು. ಕತ್ತಲಾಗುವ ಮುಂಚೆ ಅಮ್ಮ ಎಲೆಯಲ್ಲಿ ಮೊಸರನ್ನ ತಂದಳು. ದೂರದಲ್ಲಿಟ್ಟು ಹಿಂದೆ ಸರಿದವಳು ಹೋಗದೆ ನಿಂತಳು.

"ನಾಳೆ ಯಾವ್ದು?"

"ಲೆಕ್ಕ."

"ಚೆನ್ನಾಗಿ ಬರುತ್ತಾ?"

"ಬರುತ್ತೆ ಅಮ್ಮ. ಹೋಗೋಕೆ ಬಿಟ್ರೆ ಬರುತ್ತೆ."

ಅಮ್ಮ ಹೋದಳು. ನಾನು ಆ ಮುಳ್ಳನ್ನೇ ನೋಡುತ್ತಾ ಕೂತೆ. ಗೋಡೆಯಾಚೆಯಿಂದ ಅವನು "ನಾಳೇನೂ ಏಣಿ ಹಾಕ್ತೀನಿ" ಎಂದದ್ದು ಕೇಳಿಸಿತು. ಮುಳ್ಳು ಹಾಕಿದ್ದಾರೆ ಎಂದೆ. "ತೆಗೀತೀನಿ" ಎಂದ.

ಬೆಳಗ್ಗೆ ಅಜ್ಜಿ ಮಡಿಯುಟ್ಟು ದೇವರಮನೆಗೆ ಹೋದರು. ಪೂಜೆಯ ಗಂಟೆ ಶುರುವಾಯಿತು. ನಾನು ಒಗೆಯುವ ಕಲ್ಲಿನ ಕಡೆ ಹೊರಟಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡು ಕೈಸನ್ನೆ ಮಾಡಿದಳು. ಹತ್ತಿರ ಹೋದೆ. ಅವಳು ನನ್ನ ರಟ್ಟೆ ಹಿಡಿದಳು! ಹಿಡಿದು ಒಳಕ್ಕೆ ಎಳೆದುಕೊಂಡಳು. ಒಲೆಯ ಮುಂದೆ ಹಾದು, ನಡುಮನೆಗೆ ಬಂದೆವು. ದೇವರಮನೆಯ ಬಾಗಿಲು ಮುಚ್ಚಿತ್ತು, ಹೊರಗಿಂದ ಚಿಲಕ ಹಾಕಿತ್ತು. ಒಳಗೆ ಅಜ್ಜಿ, ಹೊರಗೆ ನಾವು.

"ಅಮ್ಮ! ಅಜ್ಜಿ..."

"ದೇವರ ಜೊತೆ ಇದಾರೆ. ಅವರಿಗೇನೂ ಆಗಲ್ಲ. ನೀನು ನಡಿ" ಎಂದಳು ಅಮ್ಮ. ನನ್ನ ರಟ್ಟೆಯ ಮೇಲಿನ ಹಿಡಿತ ಸಡಿಲಿಸಲಿಲ್ಲ. ಹದಿನೇಳು ವರ್ಷ ಅತ್ತೆಯ ಎದುರು ಕೂತು ಮಾತಾಡದಿದ್ದವಳು! ಒಳಗಿನ ಗಂಟೆ ನಿಲ್ಲಲಿಲ್ಲ. ಚಿಲಕದ ಸದ್ದು ಅಜ್ಜಿಗೆ ಕೇಳಿಸಿರಲೇಬೇಕು. ಒಂದು ಸಲ ಕೂಗಿದ್ದರೆ ಸಾಕಿತ್ತು, ಅಮ್ಮನ ಧೈರ್ಯ ಅಲ್ಲೇ ಕುಸಿಯುತ್ತಿತ್ತು. ಅವರು ಗಂಟೆಯನ್ನು ಇನ್ನೂ ಜೋರಾಗಿ ಬಾರಿಸಿದರು. ಸಿಟ್ಟಿಗೋ, ಏನೂ ಕೇಳಿಸಲಿಲ್ಲ ಎಂದು ದೇವರಿಗೆ ತೋರಿಸುವುದಕ್ಕೋ, ಅವರು ಬದುಕಿರುವವರೆಗೂ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬೀದಿಗೆ ಬಂದುಬಿಟ್ಟೆ. ಬಿಸಿಲು ಮುಖಕ್ಕೆ ಹೊಡೆಯಿತು. ಸ್ಟೇಷನ್ನಿನ ಕಡೆ ಬಿರಬಿರನೆ ಹೊರಟೆ. ಮೂಲೆ ತಿರುಗುವಾಗ ನೆನಪಾಯಿತು, ಅವನು ಹಿತ್ತಿಲಲ್ಲಿ ಏಣಿ ಹಾಕಿಕೊಂಡು ನನಗಾಗಿ ಕಾಯುತ್ತಿದ್ದಾನೆ. ಓಡಿ ವಾಪಸು ಬಂದೆ. ಅವರ ಮನೆಯ ಬಾಗಿಲು ಒಳಗಿಂದ ಅಗುಳಿ ಹಾಕಿತ್ತು. ನಂಜಮ್ಮ ತೋಟಕ್ಕೆ ಹೋದರೆಂದರೆ ಅವನು ಹಾಗೇ ಮಾಡುತ್ತಿದ್ದ. ತಟ್ಟಿದೆ, ಗುದ್ದಿದೆ. ಅವರ ಮನೆಯೂ ನಮ್ಮ ಮನೆಯಷ್ಟೇ ಉದ್ದ. ಹಿತ್ತಿಲಲ್ಲಿ ಮುಳ್ಳು ಕೀಳುತ್ತಿರುವವನಿಗೆ ಅದು ಎಲ್ಲಿ ಕೇಳಿಸಬೇಕು? ದೂರದಲ್ಲಿ ರೈಲು ಸಿಳ್ಳೆ ಹಾಕಿತು. ಅವನು ನನ್ನನ್ನು ಬಿಟ್ಟು ಹೋಗುವವನಲ್ಲ, ಅದು ನನಗೆ ಖಂಡಿತ ಗೊತ್ತಿತ್ತು. ನಾನು ಬರಲಿಲ್ಲವೆಂದು ಕಾಯುತ್ತಾ ಕಾಯುತ್ತಾ ರೈಲು ತಪ್ಪಿಸಿಕೊಳ್ಳುತ್ತಾನೆ.

ಉಳಿದದ್ದು ನನ್ನ ಗಂಟಲು. ಆದರೆ ನಮ್ಮ ಬೀದಿಯಲ್ಲಿ ವಯಸ್ಸಿಗೆ ಬಂದ ಹುಡುಗಿ ಪರರ ಮನೆಯ ಗಂಡಿನ ಹೆಸರನ್ನು ಬಾಯಿಬಿಟ್ಟು ಕೂಗುವುದೆಂದರೆ ತನ್ನ ಕೈಯಾರೆ ತನ್ನ ಮದುವೆಗೆ ಬೆಂಕಿ ಇಟ್ಟುಕೊಂಡ ಹಾಗೆ. ಅವತ್ತಿನ ಸುದ್ದಿ ದೊಡ್ಡಬಳ್ಳಾಪುರ ಮುಟ್ಟಿ ಮಾವನ ಮನೆಯವರು ಹೆಣ್ಣು ಬೇಡವೆಂದದ್ದು, ಬೇರೆ ಗತಿಯಿಲ್ಲದೆ ಅಜ್ಜಿಯೇ ನನ್ನನ್ನು ಕಾಲೇಜಿಗೆ ಬಿಟ್ಟದ್ದು, ಎಷ್ಟೋ ವರ್ಷ ಎರಡೂ ಮನೆಯವರ ಕೈಲಿ ಬೈಸಿಕೊಂಡು ನಾನು ಮುನಿರಾಜನನ್ನೇ ಮದುವೆಯಾದದ್ದು, ಎಲ್ಲ ಆಮೇಲಿನ ಮಾತು. ಆ ಬಾಗಿಲ ಮುಂದೆ ನಿಂತಾಗ ನನಗೆ ಅದೊಂದೂ ಗೊತ್ತಿರಲಿಲ್ಲ. ಕೂಗಿದರೆ ನನ್ನ ಹೆಸರು ಹೋಗುತ್ತದೆ. ಕೂಗದಿದ್ದರೆ ಅವನ ವರ್ಷ ಹೋಗುತ್ತದೆ. ಇಷ್ಟೇ ಗೊತ್ತಿತ್ತು.

"ಮುನಿರಾಜೂ!"

ಎದುರು ಮನೆಯ ಕಿಟಕಿ ತೆರೆಯಿತು. ರಂಗೋಲಿ ಹಾಕುತ್ತಿದ್ದವಳ ಕೈ ನಿಂತಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಹಾಲಿನವನು ಕಾಲು ಊರಿ ತಿರುಗಿ ನೋಡಿದ. ಮೂಲೆಮನೆಯ ಜಗುಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಕಣ್ಣು ಮಂಜಾದ ಮುದುಕಿ ಹಣೆಗೆ ಕೈ ಅಡ್ಡ ಹಿಡಿದಳು.

"ಯಾವಳೇ ಅವಳು, ಗಂಡುಮಗನ ಹೆಸರು ಹಿಡ್ಕೊಂಡು ಬೀದೀಲಿ ಕೂಗೋಳು?"

"ನಾನು ಕಣಜ್ಜಿ, ವಿಶಾಲಾಕ್ಷಿ. ಗೂಡ್ಸ್ ಗುಮಾಸ್ತರ ಮಗಳು" ಎಂದೆ. ಎಂದು, ಒಮ್ಮೆ ಉಸಿರೆಳೆದುಕೊಂಡು, ಮೊದಲಿಗಿಂತ ಗಟ್ಟಿಯಾಗಿ ಮತ್ತೆ ಕೂಗಿದೆ.